ನಲವತ್ತೊಂಬತ್ತರ ದಾರಿಯಲ್ಲಿ ಬಂಗಾರದ ಜಾಡು

ಕೇಳುಗರಿಗೆ ನಮಸ್ಕಾರ.

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳ ಪಶ್ಚಿಮ ತಪ್ಪಲಿನಲ್ಲಿ, ತೆಂಕಣ ಓಕ್‌ಹರ್ಸ್ಟ್‌ನಿಂದ ಬಡಗಣ ವಿಂಟನ್‌ವರೆಗೆ ಹೆಚ್ಚುಕಡಿಮೆ 300 ಮೈಲಿ ಉದ್ದದ ಹೆದ್ದಾರಿಯೊಂದಿದೆ. ಅದರ ಸಂಖ್ಯೆ 49. 1849ರಲ್ಲಿ ಚಿನ್ನ ಹುಡುಕಿಕೊಂಡು ಬಂದವರ ನೆನಪಿಗೆ ಇಟ್ಟ ಸಂಖ್ಯೆ ಅದು. ಸ್ಯಾನ್ ಹೋಸೆ, ಫ್ರೀಮಾಂಟ್ ಸುತ್ತಿನ ಕನ್ನಡ ಮನೆಗಳವರಿಗೆ ಮೂರು ದಿನದ ಬಿಡುವು ಸಿಕ್ಕರೆ ಸಾಕು. ಇಡೀ ಹೆದ್ದಾರಿ ಮುಗಿಸುವ ಹಟ ಮಾತ್ರ ಬೇಡ. ಚಿನ್ನ ತೆಗೆಯುವ ಬಗೆ ಹೇಗೆ ಬದಲಾಯಿತೋ ಆ ಕ್ರಮದಲ್ಲೇ ಹೋಗಿ. ಮೊದಲು ಹೊಳೆ, ಆಮೇಲೆ ಗುಡ್ಡ, ಕೊನೆಗೆ ಬಂಡೆಯ ಆಳ. ಊರು ಯಾಕೆ ಅಲ್ಲೇ ಹುಟ್ಟಿತು, ಯಾಕೆ ಖಾಲಿಯಾಯಿತು ಅನ್ನುವುದು ಆಗ ತಾನಾಗಿ ತಿಳಿಯುತ್ತದೆ.

ಮೊದಲ ದಿನ ಕೊಲೋಮಾ. ಸ್ಯಾಕ್ರಮೆಂಟೊ ದಾಟಿ 50ನೇ ಹೆದ್ದಾರಿಯಲ್ಲಿ ಪ್ಲಾಸರ್‌ವಿಲ್ ತಲುಪಿ, ಅಲ್ಲಿಂದ 49ರಲ್ಲಿ ಉತ್ತರಕ್ಕೆ ಸುಮಾರು ಎಂಟು ಮೈಲಿ. 1848ರ ಜನವರಿ 24ರಂದು ಜೇಮ್ಸ್ ಮಾರ್ಷಲ್ ಅನ್ನುವ ಬಡಗಿ, ಜಾನ್ ಸಟರ್‌ಗಾಗಿ ಕಟ್ಟುತ್ತಿದ್ದ ಮರ ಕೊಯ್ಯುವ ಗಿರಣಿಯ ನೀರು ಹೊರಹೋಗುವ ಕಾಲುವೆಯಲ್ಲಿ ಹಳದಿ ಚೂರು ಕಂಡದ್ದು ಇಲ್ಲೇ. ಈಗ ಇದು ರಾಜ್ಯ ಉದ್ಯಾನ, ಗಿರಣಿ ಮರುನಿರ್ಮಿಸಿದ್ದು. ಗೊತ್ತುಮಾಡಿದ ದಂಡೆಯಲ್ಲಿ ತಟ್ಟೆ ಹಿಡಿದು ಚಿನ್ನ ಜಾಲಿಸಲು ಬಿಡುತ್ತಾರೆ. ಸಲಿಕೆ ಕೂಡದು, ಕೈ ಮತ್ತು ತಟ್ಟೆ ಮಾತ್ರ.

ಜಾಲಿಸುವುದು ಅಂದೆ. ನಮ್ಮ ಅಡುಗೆಮನೆಯದೇ ಮಾತು ಅದು. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಹೊನ್ನಿನ ಪುಡಿ ತೊಳೆಯುತ್ತಿದ್ದವರನ್ನು ಜಲಗಾರರು ಎಂದೇ ಕರೆಯುತ್ತಿದ್ದರು. ಅಕ್ಕಿ ಜಾಲಿಸುವಾಗ ಅಕ್ಕಿ ನೀರಿನೊಂದಿಗೆ ಮುಂದೆ ಜಾರುತ್ತದೆ, ಕಲ್ಲು ತಳದಲ್ಲಿ ಉಳಿಯುತ್ತದೆ. ಇಲ್ಲಿ ತಳದಲ್ಲಿ ಉಳಿಯುವುದೇ ಬಂಗಾರ. ಮರಳು ನೀರಿಗಿಂತ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು ಭಾರ, ಕಬ್ಬಿಣದ ಕಪ್ಪು ಮರಳು ಸುಮಾರು ಐದು ಪಟ್ಟು, ಚಿನ್ನ ಹತ್ತೊಂಬತ್ತು ಪಟ್ಟು.

ಹದಿನಾಲ್ಕು ಅಂಗುಲದ, ಒಂದು ಬದಿಗೆ ಗೀರುಗಳಿರುವ ಪ್ಲಾಸ್ಟಿಕ್ ತಟ್ಟೆ ಒಳ್ಳೆಯದು. ಅರ್ಧದಷ್ಟು ಜಲ್ಲಿ ಮರಳು ತುಂಬಿ. ದೊಡ್ಡ ಬಂಡೆಯ ಕೆಳಮಗ್ಗುಲಲ್ಲಿ, ನೀರಿನ ಸೆಳೆತ ಕುಂದುವ ಕಡೆ ತೆಗೆದರೆ ಸಿಗುವ ಸಂಭವ ಹೆಚ್ಚು. ತಟ್ಟೆಯನ್ನು ನೀರಲ್ಲಿ ಮುಳುಗಿಸಿ ಜೇಡಿಯ ಉಂಡೆಗಳನ್ನು ಕೈಯಲ್ಲಿ ಹಿಸುಕಿ ಕರಗಿಸಿ. ಉಂಡೆ ಉಳಿದರೆ ಚಿನ್ನ ಅದಕ್ಕೆ ಅಂಟಿಕೊಂಡೇ ಹೊರಗೆ ಹೋಗುತ್ತದೆ. ಆಮೇಲೆ ತಟ್ಟೆಯನ್ನು ಮಟ್ಟವಾಗಿ ಹಿಡಿದು ಎಡಬಲಕ್ಕೆ ಜೋರಾಗಿ ಅಲುಗಿಸಿ. ಭಾರದ್ದು ತಳ ಸೇರಬೇಕು. ಅದಾದ ಮೇಲೆ ಗೀರಿನ ಬದಿ ಮುಂದಾಗುವಂತೆ ಬಾಗಿಸಿ, ಮೇಲಿನ ಪದರವನ್ನಷ್ಟೇ ನೀರಿಗೆ ಬಿಡಿ. ಮತ್ತೆ ಅಲುಗಿಸಿ, ಮತ್ತೆ ಬಾಗಿಸಿ. ಹೊಸಬರು ಎಡವುವುದು ಅಲುಗಿಸುವುದರಲ್ಲೇ. ಬೇಸರಪಟ್ಟು ಅದನ್ನು ಬಿಟ್ಟು ಬರೀ ತೊಳೆಯುತ್ತ ಹೋದರೆ ಚಿನ್ನವೂ ಹೊಳೆಪಾಲು. ಇನ್ನೊಂದು ಎಚ್ಚರ, ಎಣ್ಣೆ ಕೈ. ತಲೆಗೆ ಕೊಬ್ಬರಿಎಣ್ಣೆ ಹಚ್ಚಿದ ಕೈಯಲ್ಲೇ ತಟ್ಟೆ ಹಿಡಿದರೆ ಚಿನ್ನದ ತೆಳು ರೇಕು ಜಿಡ್ಡಿಗೆ ಸಿಕ್ಕಿ ನೀರಿನ ಮೇಲೆಯೇ ತೇಲುತ್ತದೆ. ಕೈಯನ್ನೂ ಹೊಸ ತಟ್ಟೆಯನ್ನೂ ಪಾತ್ರೆ ಸಾಬೂನಿನಿಂದ ತೊಳೆದುಕೊಳ್ಳಿ.

ಮಿನುಗಿದ್ದೆಲ್ಲ ಚಿನ್ನವೇ ಅನ್ನುವುದನ್ನು ನಿಮ್ಮ ನೆರಳೇ ತೀರ್ಮಾನಿಸುತ್ತದೆ. ತಟ್ಟೆಯ ಮೇಲೆ ನೆರಳು ಬೀಳಿಸಿ ನೋಡಿ. ಅಭ್ರಕದ ಹೊಳಪು ಆರಿಹೋಗುತ್ತದೆ, ಚಿನ್ನದ ಹಳದಿ ಹಾಗೆಯೇ ಇರುತ್ತದೆ. ವಸಂತದಲ್ಲಿ ಹೊಳೆಗೆ ಬರುವುದು ಕರಗಿದ ಹಿಮದ ನೀರು. ಕೊರೆಯುವ ತಣ್ಪು, ಸೆಳೆತವೂ ಜೋರು. ಮಕ್ಕಳನ್ನು ಮೊಣಕಾಲಿಗಿಂತ ಆಳಕ್ಕೆ ಬಿಡಬೇಡಿ. ದಡದ ಪೊದೆಗಳಲ್ಲಿ ಮೂರು ಮೂರು ಎಲೆಯ ಗಿಡ ಕಂಡರೆ ಮುಟ್ಟಬೇಡಿ. ಪಾಯ್ಸನ್ ಓಕ್ ಅದು, ಮೈಯೆಲ್ಲ ತುರಿಸಿ ಗುಳ್ಳೆ ಏಳುತ್ತದೆ.

ಎರಡನೇ ದಿನ ಗುಡ್ಡದ ಸರದಿ. ಆಬರ್ನ್, ಗ್ರಾಸ್ ವ್ಯಾಲಿ ಹಾದು ನೆವಾಡಾ ಸಿಟಿ, ಅಲ್ಲಿಂದ ಮಾಲಕಾಫ್ ಡಿಗಿನ್ಸ್. ಫೋನಿನ ನಕ್ಷೆ ಕೆಲವೊಮ್ಮೆ ನಾರ್ತ್ ಬ್ಲೂಮ್‌ಫೀಲ್ಡ್ ರಸ್ತೆಯನ್ನು ತೋರಿಸುತ್ತದೆ. ಹತ್ತಿರವೇನೋ ಹೌದು, ಆದರೆ ಕಡಿದಾದ, ಇಕ್ಕಟ್ಟಾದ ಮಣ್ಣುದಾರಿ. 49ರಲ್ಲೇ ಹನ್ನೊಂದು ಮೈಲಿ ಮುಂದೆ ಹೋಗಿ ಟೈಲರ್ ಫುಟ್ ರಸ್ತೆಗೆ ಬಲಕ್ಕೆ ತಿರುಗಿ. ನೆವಾಡಾ ಸಿಟಿಯಲ್ಲೇ ಪೆಟ್ರೋಲು ತುಂಬಿಸಿ, ಊಟ ಕಟ್ಟಿಸಿಕೊಳ್ಳಿ, ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ. ಮುಂದೆ ಸಿಗ್ನಲ್ ಸಿಗುವ ನೆಚ್ಚಿಗೆ ಇಲ್ಲ.

ಇಲ್ಲಿ ತೋಪಿನಂಥ ಕಬ್ಬಿಣದ ಕೊಳವೆಗಳಿಂದ ನೀರು ಹಾಯಿಸಿ ಗುಡ್ಡವನ್ನೇ ಕರಗಿಸಿದರು. ಮೈಲಿಗಿಂತ ಉದ್ದದ ಆ ಬೋಗುಣಿಯ ಕೆಂಪು, ಬಿಳಿ, ಕಾವಿ ಬಣ್ಣದ ಗೋಡೆಗಳು ಸಂಜೆ ಬಿಸಿಲಲ್ಲಿ ಬಹಳ ಚೆಲುವಾಗಿ ಕಾಣುತ್ತವೆ. ಆ ಚೆಲುವನ್ನು ನೋಡುವಾಗ ಇಲ್ಲಿಂದ ಕರಗಿ ಹೋದ ಮಣ್ಣು ಎಲ್ಲಿಗೆ ಹೋಯಿತು ಎಂದೂ ಕೇಳಿಕೊಳ್ಳಬೇಕು. ಯೂಬಾ ಹೊಳೆಯ ಪಾತ್ರ ಹೂಳಿನಿಂದ ಮೇಲೆದ್ದಿತು, ಬಯಲಿನ ಮೇರಿಸ್‌ವಿಲ್ ಸುತ್ತ ಹೊಲಗಳ ಮೇಲೆ ಹೂಳು ಕೂತಿತು. ಬಯಲಿನವರು ಕೋರ್ಟಿಗೆ ಹೋದರು. 1884ರ ಜನವರಿಯಲ್ಲಿ ನ್ಯಾಯಾಧೀಶ ಲೊರೆಂಜೊ ಸಾಯರ್ ಹೊಳೆಗೆ ಹೂಳು ಬಿಡುವುದನ್ನು ತಡೆದರು. ನೀರಿನ ತೋಪುಗಳ ಕಾಲ ಅಲ್ಲಿಗೆ ಇಳಿಯಿತು, ಅದನ್ನೇ ನಂಬಿದ್ದ ನಾರ್ತ್ ಬ್ಲೂಮ್‌ಫೀಲ್ಡ್ ಊರೂ ಸೊರಗಿತು.

ಚಿನ್ನವನ್ನು ಹಿಡಿಯಲು, ಮಣ್ಣುನೀರು ಹರಿಸುವ ಮರದ ದೋಣಿಗಳಲ್ಲಿ, ಅಂದರೆ ಉದ್ದನೆಯ ತೊಟ್ಟಿಗಳಲ್ಲಿ, ಪಾದರಸ ಸುರಿಯುತ್ತಿದ್ದರು. ಅದರಲ್ಲಿ ಬಹಳಷ್ಟು ಬಂದದ್ದು ಸ್ಯಾನ್ ಹೋಸೆಯ ಮಗ್ಗುಲಲ್ಲಿರುವ ನ್ಯೂ ಅಲ್ಮಡೆನ್ ಗಣಿಯಿಂದ. ಸೋರಿಹೋದ ಪಾದರಸ ಹೊಳೆಗಳಲ್ಲಿ ಇನ್ನೂ ಇದೆ. ತಟ್ಟೆಯಲ್ಲಿ ಬೆಳ್ಳಿಯಂತೆ ಉರುಳುವ ಹನಿ ಕಂಡರೆ ಬೆರಳು ಹಾಕಬೇಡಿ, ಕಾಯಿಸುವುದಂತೂ ಬೇಡವೇ ಬೇಡ.

ಮರಳುವಾಗ ಗ್ರಾಸ್ ವ್ಯಾಲಿಯ ಎಂಪೈರ್ ಗಣಿ. 1850ರಿಂದ 1956ರವರೆಗೆ ನಡೆದ ಇದರ ಸುರಂಗಗಳ ಒಟ್ಟು ಉದ್ದ 367 ಮೈಲಿ. ಕಂಪನಿಯವರು ಗುಟ್ಟಾಗಿ ಇಟ್ಟುಕೊಂಡಿದ್ದ ಸುರಂಗಗಳ ಮಾದರಿ ಇಲ್ಲಿದೆ, ಅದನ್ನು ತಪ್ಪಿಸಬೇಡಿ. ಇಲ್ಲಿ ದುಡಿದವರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಾರರು ಬಹಳ. ನಮ್ಮ ಕೋಲಾರದ ಗಣಿಗೆ ಬಂದವರೂ ಅದೇ ಸೀಮೆಯವರು.

ಮೂರನೇ ದಿನ ದಕ್ಷಿಣಕ್ಕೆ, ಜಾಕ್ಸನ್. ಕೆನಡಿ ಗಣಿಯ ಆಳ 5,912 ಅಡಿ. ಕೋಲಾರದ ಚಾಂಪಿಯನ್ ರೀಫ್ ಹತ್ತು ಸಾವಿರ ಅಡಿ ಮೀರಿತ್ತು. ಜಜ್ಜಿ ಚಿನ್ನ ತೆಗೆದ ಕಲ್ಲುಪುಡಿಯನ್ನು ಗುಡ್ಡ ದಾಟಿಸಲು ಕಟ್ಟಿದ ಭಾರಿ ಚಕ್ರಗಳ ಉಳಿಕೆ ಇಲ್ಲಿ ನೋಡಬಹುದು. ಕೆ.ಜಿ.ಎಫ್.ನ ಸೈನೈಡ್ ದಿಬ್ಬ ಕಂಡವರಿಗೆ ಆ ಪುಡಿಯ ಲೆಕ್ಕ ಬೇಗ ಅರ್ಥವಾಗುತ್ತದೆ. ಪಕ್ಕದ ಆರ್ಗೊನಾಟ್ ಗಣಿಯಲ್ಲಿ 1922ರ ಆಗಸ್ಟ್‌ನಲ್ಲಿ ಬೆಂಕಿ ಬಿದ್ದು 47 ಮಂದಿ ಸತ್ತರು.

ಜಾಕ್ಸನ್‌ನಿಂದ ಹನ್ನೆರಡು ಮೈಲಿ ಪೂರ್ವಕ್ಕೆ ಚಾವ್ಸೆ ಎಂಬ ಕಡೆ ನೆಲದಲ್ಲೇ ಹರಡಿದ ಬಂಡೆಯೊಂದಿದೆ, ಅದರಲ್ಲಿ 1,185 ಒರಳುಗುಳಿಗಳು. ಮೀವೊಕ್ ಹೆಂಗಸರು ತಲೆಮಾರುಗಳಿಂದ ಓಕ್ ಕಾಯಿ ಕುಟ್ಟಿ ಸವೆಸಿದ ಗುಳಿಗಳು. ಚಿನ್ನಕ್ಕೆ ನುಗ್ಗಿದ ಜನ ಇವರ ಕಾಡು, ಹೊಳೆ, ಬದುಕು ಎಲ್ಲವನ್ನೂ ಕಿತ್ತುಕೊಂಡರು. ದಾರಿ ಸುತ್ತಾದರೂ ಇಲ್ಲಿಗೆ ಹೋಗಿಬನ್ನಿ.

ಕೊನೆಗೆ ಕೊಲಂಬಿಯಾ. ಮುಖ್ಯಬೀದಿಗೆ ಕಾರು ಬಿಡುವುದಿಲ್ಲ, ಅಂಚಿನಲ್ಲಿ ನಿಲ್ಲಿಸಿ ನಡೆಯಬೇಕು. 1854ರಲ್ಲಿ ಊರು ಸುಟ್ಟ ಮೇಲೆ ಇಟ್ಟಿಗೆಯ ಅಂಗಡಿ ಕಟ್ಟಿ ಕಬ್ಬಿಣದ ಕದ ಇಟ್ಟರು. ಅಂಗಡಿಗಳನ್ನು ನೋಡಿ ಮುಗಿಸಿ ಊರಂಚಿಗೆ ಬನ್ನಿ. ಆಳೆತ್ತರದ ಸುಣ್ಣಕಲ್ಲುಗಳು ಹಲ್ಲಿನ ಹಾಗೆ ನಿಂತಿವೆ. ಮೊದಲು ಅವುಗಳ ತಲೆಯವರೆಗೂ ಮಣ್ಣಿತ್ತು, ಅದಷ್ಟನ್ನೂ ತಟ್ಟೆ ತಟ್ಟೆಯಾಗಿ, ದೋಣಿ ದೋಣಿಯಾಗಿ ತೊಳೆದು ತೆಗೆದಿದ್ದಾರೆ.