ಮನಸ್ಸಿನ ಭಾರಕ್ಕೂ ಮುಯ್ಯಾಳು

ಎಲ್ಲ ಕೇಳುಗರಿಗೂ ನಮಸ್ಕಾರ.

ನಮ್ಮ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲಿ ತೋಟಕ್ಕೊಂದು ಮನೆ. ಕೊಪ್ಪ, ಶೃಂಗೇರಿ, ಕಳಸ, ಮೂಡಿಗೆರೆ, ಯಾವ ಕಡೆ ಹೋದರೂ ಅಷ್ಟೇ. ಪಕ್ಕದ ಮನೆಗೆ ಹೋಗಬೇಕು ಅಂದರೆ ಒಂದು ಹಳ್ಳ ದಾಟಬೇಕು, ಒಂದು ಗುಡ್ಡ ಹತ್ತಿ ಇಳಿಯಬೇಕು. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಕರೆಂಟು ಹೋಗುತ್ತೆ, ಅದರ ಹಿಂದೆಯೇ ಮೊಬೈಲ್ ಸಿಗ್ನಲ್ಲೂ ಹೋಗುತ್ತೆ. ಮಕ್ಕಳು ಬೆಂಗಳೂರಿನಲ್ಲಿ. ಮನೆಯಲ್ಲಿ ಇಬ್ಬರೇ, ಕೆಲವು ಕಡೆ ಒಬ್ಬರೇ. ಡೈರಿಗೆ ಹಾಲು ಹಾಕಲು ಹೋದಾಗ ನಾಲ್ಕು ಮಾತು. ಅದು ಬಿಟ್ಟರೆ ಇಡೀ ದಿನ ಇನ್ನೊಂದು ಮುಖ ನೋಡದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ನಾನು ಆರೋಗ್ಯ ಸಹಾಯಕಿಯಾಗಿ ಈ ಊರುಗಳಲ್ಲಿ ಬಹಳ ಕಾಲ ಓಡಾಡಿದವಳು. ಬಿ.ಪಿ. ನೋಡೋಣ ಅಂತ ಜಗಲಿಯಲ್ಲಿ ಕೂರುತ್ತಿದ್ದೆ. ತೋಳಿಗೆ ಪಟ್ಟಿ ಸುತ್ತುವಾಗಲೇ ಮಾತು ಶುರುವಾಗುತ್ತಿತ್ತು. ‘ನಿದ್ದೆ ಬರ್ತಿಲ್ಲ ಸಿಸ್ಟರ್’ ಅನ್ನುತ್ತಿದ್ದರು. ‘ಎದೆ ಡವಡವ ಅನ್ನುತ್ತೆ’ ಅನ್ನುತ್ತಿದ್ದರು. ಸ್ವಲ್ಪ ಹೊತ್ತು ಸುಮ್ನೆ ಕೂತರೆ ಒಳಗಿನದು ಒಂದೊಂದಾಗಿ ಹೊರಗೆ ಬರುತ್ತಿತ್ತು. ಅಡಿಕೆಗೆ ಎಲೆಚುಕ್ಕೆ ರೋಗ. ಸೊಸೈಟಿ ಸಾಲ. ಹಾಸಿಗೆ ಹಿಡಿದ ಅತ್ತೆ. ತೋಟ ನೋಡಿಕೊಂಡು ಮನೆಯಲ್ಲೇ ಉಳಿದ ಮಗನಿಗೆ ಹೆಣ್ಣು ಕೊಡುವವರಿಲ್ಲ. ಇವಕ್ಕೆಲ್ಲ ನನ್ನ ಚೀಲದಲ್ಲಿ ಮಾತ್ರೆ ಇರಲಿಲ್ಲ.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಒಂದೇ ವಿಷಯ. ನೀವು ಪಡುತ್ತಿರುವ ಕಷ್ಟವನ್ನೇ ಪಟ್ಟವರು ಎಲ್ಲೋ ಹತ್ತಿರದಲ್ಲೇ ಇದ್ದಾರೆ. ಅವರನ್ನು ಹುಡುಕಿಕೊಳ್ಳಿ.

ಯಾಕೆ ಅಂಥವರೇ ಬೇಕು ಅಂತ ಕೇಳಬಹುದು. ಒಂದು ರಾತ್ರಿಯ ಮಾತು ಹೇಳುತ್ತೇನೆ. ಕೊಪ್ಪದ ಹತ್ತಿರದ ಒಂದು ಮನೆ, ಅಡಿಕೆ ಸುಲಿಯುವ ಕಾಲ. ಸುಲಿಯುವ ಯಂತ್ರ ಇನ್ನೂ ಆ ಮನೆಗೆ ಬಂದಿರಲಿಲ್ಲ. ಅಂಗಳದ ಚಪ್ಪರದಡಿ ಒಂದು ಬಲ್ಬು. ಸುತ್ತ ಏಳೆಂಟು ಹೆಂಗಸರು, ಒಬ್ಬೊಬ್ಬರ ಮುಂದೆ ಒಂದೊಂದು ಮೆಟ್ಟುಗತ್ತಿ. ಕೈಯೆಲ್ಲ ಅಡಿಕೆಯ ಚೊಗರು ಹಿಡಿದು ಕಪ್ಪಾಗಿದೆ. ಕಾಯಿ ಕತ್ತಿಗೆ ಒತ್ತಬೇಕು, ಸಿಪ್ಪೆ ಬಿಡಿಸಬೇಕು, ಅಡಿಕೆಯನ್ನು ಬುಟ್ಟಿಗೆ ಹಾಕಬೇಕು, ಮತ್ತೊಂದು ಕಾಯಿ ತೆಗೆದುಕೊಳ್ಳಬೇಕು. ಬೆರಳು ಉಳಿಯಬೇಕಾದರೆ ಕಣ್ಣು ಕತ್ತಿಯ ಮೇಲೇ ಇರಬೇಕು. ಹಾಗಾಗಿ ಯಾರೂ ಯಾರ ಮುಖವನ್ನೂ ನೋಡುವ ಹಾಗಿಲ್ಲ.

ಅಲ್ಲಿ ಒಬ್ಬಾಕೆ, ಮರೆವಿನ ಕಾಯಿಲೆ ಬಂದ ಅತ್ತೆಯನ್ನು ನೋಡಿಕೊಳ್ಳುತ್ತಿದ್ದವಳು, ಇದ್ದಕ್ಕಿದ್ದ ಹಾಗೆ ಅಂದಳು: ‘ಒಂದೊಂದು ದಿನ, ಇವರು ಹೋಗಿಬಿಟ್ಟರೆ ಸಾಕಪ್ಪ ಅನ್ನಿಸುತ್ತೆ. ನಾನೆಂಥ ಪಾಪಿ.’

ಕತ್ತಿಗಳ ಸದ್ದು ನಿಂತಿತು. ಆಮೇಲೆ ಆಚೆ ತುದಿಯಲ್ಲಿದ್ದ ಹಿರಿಯಾಕೆ ತಲೆ ಎತ್ತದೆಯೇ ಅಂದರು: ‘ನನಗೂ ಅನ್ನಿಸಿತ್ತು ಮಾರಾಯ್ತಿ. ನಮ್ಮ ಅಮ್ಮ ಮಲಗಿದ್ದಾಗ. ದಿನಾ ಅನ್ನಿಸುತ್ತಿತ್ತು. ಆದರೂ ಬೆಳಗ್ಗೆ ಎದ್ದು ಗಂಜಿ ಕುಡಿಸಿದೆ. ನೀನೂ ಕುಡಿಸಿದ್ದೀಯಲ್ಲ ಇವತ್ತು?’

‘ಹೂಂ’ ಅಂದಳು ಇವಳು. ಮತ್ತೆ ಸುಲಿತ ಶುರುವಾಯಿತು.

ಆ ಮಾತನ್ನು ನಾನು ಹೇಳಿದ್ದರೆ ನಡೆಯುತ್ತಿರಲಿಲ್ಲ. ಡಾಕ್ಟರು ಹೇಳಿದ್ದರೂ ಅಷ್ಟೇ. ‘ಹಾಗೆಲ್ಲ ಯೋಚನೆ ಮಾಡಬಾರದು’ ಅನ್ನುವವರು ನೂರು ಜನ ಸಿಗುತ್ತಾರೆ. ‘ನನಗೂ ಅನ್ನಿಸಿತ್ತು’ ಅನ್ನಲು ಆ ಹಾಸಿಗೆಯ ಪಕ್ಕ ರಾತ್ರಿಗಳನ್ನು ಕಳೆದವರೇ ಬೇಕು. ಇವಳು ಮರುದಿನ ಅವರ ಮನೆಗೆ ಹೋದಳು. ಹಾಸಿಗೆ ಹುಣ್ಣು ಆಗದ ಹಾಗೆ ಹೇಗೆ ಮಗ್ಗುಲು ಬದಲಿಸಬೇಕು, ರಾತ್ರಿ ಎದ್ದು ಹೊರಟುಬಿಡುವವರನ್ನು ಬೈಯದೆ ಹೇಗೆ ಹಿಂದಕ್ಕೆ ಕರೆತರಬೇಕು, ಎಲ್ಲ ಕೇಳಿಕೊಂಡು ಬಂದಳು.

ಒಂಟಿತನ ಸಣ್ಣ ವಿಷಯ ಅಂತ ಈಗ ಯಾರೂ ಹೇಳುವ ಹಾಗಿಲ್ಲ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಅದು ಕಾಡುತ್ತಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2025ರಲ್ಲಿ ವರದಿ ಕೊಟ್ಟಿದೆ. ಹೃದಯಕ್ಕೂ ಮೆದುಳಿಗೂ ಅದರಿಂದ ಪೆಟ್ಟು ಬೀಳುತ್ತೆ ಅಂತಲೂ ಹೇಳಿದೆ.

ನಮ್ಮಲ್ಲಿ ಮುಯ್ಯಾಳು ಅನ್ನುವ ಪದ್ಧತಿ ಇದೆಯಲ್ಲ. ನಾಟಿಯ ಕಾಲಕ್ಕೆ ನಮ್ಮ ಮನೆಯಿಂದ ಇಬ್ಬರು ನಿಮ್ಮ ಗದ್ದೆಗೆ ಬರುತ್ತಾರೆ, ಮುಂದಿನ ವಾರ ನಿಮ್ಮ ಮನೆಯವರು ನಮ್ಮ ಗದ್ದೆಗೆ. ಕೂಲಿ ಲೆಕ್ಕ ಇಲ್ಲ, ಯಾರೂ ಯಾರಿಗೂ ಉಪಕಾರ ಮಾಡಿದ ಹಾಗೂ ಅಲ್ಲ. ಮನಸ್ಸಿನ ಭಾರಕ್ಕೂ ಈ ಲೆಕ್ಕವೇ ಸರಿ ಅಂತ ನನಗನ್ನಿಸುತ್ತೆ. ಬರೀ ತೆಗೆದುಕೊಳ್ಳುವವರಿಗೆ ಸಂಕೋಚ ಬರುತ್ತೆ. ಬರೀ ಕೊಡುವವರಿಗೆ ಸುಸ್ತಾಗುತ್ತೆ. ಇವತ್ತು ಅತ್ತವರು ನಾಳೆ ಇನ್ನೊಬ್ಬರ ಅಳು ಕೇಳಿದರೆ ಇಬ್ಬರಿಗೂ ಹಗುರ.

ಇದು ಸುಮ್ನೆ ಹೇಳುವ ಮಾತಲ್ಲ. 1935ರಲ್ಲಿ ಅಮೆರಿಕದ ಆಕ್ರನ್ ಅನ್ನುವ ಊರಿನಲ್ಲಿ ನಡೆದದ್ದು ಕೇಳಿ. ಬಿಲ್ ವಿಲ್ಸನ್ ಎಂಬುವವರು ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ವ್ಯಾಪಾರದ ಕೆಲಸಕ್ಕೆ ಆ ಊರಿಗೆ ಬಂದಿದ್ದರು. ಕೆಲಸ ಕೆಟ್ಟಿತು. ಹೋಟೆಲಿನಲ್ಲಿ ಒಬ್ಬರೇ ಇದ್ದಾಗ ಪಕ್ಕದ ಬಾರು ಕರೆಯತೊಡಗಿತು. ಅವರು ಮಾಡಿದ್ದೇನು ಗೊತ್ತಾ? ಕುಡಿತದಿಂದ ಒದ್ದಾಡುತ್ತಿರುವ ಇನ್ನೊಬ್ಬರು ಈ ಊರಿನಲ್ಲಿ ಯಾರಾದರೂ ಇದ್ದಾರಾ ಅಂತ ಫೋನ್ ಮೇಲೆ ಫೋನ್ ಮಾಡಿ ಹುಡುಕಿದರು. ಕೊನೆಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್, ಸ್ವತಃ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು. ಇಬ್ಬರೂ ಗಂಟೆಗಟ್ಟಲೆ ಕೂತು ಮಾತಾಡಿದರು. ಕುಡಿತ ಬಿಡಲು ಒಬ್ಬರಿಗೊಬ್ಬರು ಜೊತೆಯಾಗುವವರ ಕೂಟ, ಆಲ್ಕೊಹಾಲಿಕ್ಸ್ ಅನಾನಿಮಸ್, ಹುಟ್ಟಿದ್ದು ಅಲ್ಲಿಂದ. ಬಿಲ್ ಆ ದಿನ ಫೋನ್ ಮಾಡಿದ್ದು ತಾನು ಉಳಿಯಬೇಕು ಅಂತ. ಉಳಿದವರು ಇಬ್ಬರು. ಬಿಲ್ ಅವರ ಹೆಂಡತಿ ಲೋಯಿಸ್ ಮುಂದೆ 1951ರಲ್ಲಿ ಕುಡಿಯುವವರ ಮನೆಯವರಿಗಾಗಿಯೇ ಅಲ್-ಅನಾನ್ ಅನ್ನುವ ಕೂಟ ಶುರುಮಾಡಿದರು. ಕುಡಿಯುವವನಷ್ಟೇ ಅವನ ಹೆಂಡತಿಗೂ ಜೊತೆ ಬೇಕು, ಅಲ್ವಾ?

ಇನ್ನೊಂದು ಜಿಂಬಾಬ್ವೆ ದೇಶದ್ದು. ಅಲ್ಲಿ ಮನೋವೈದ್ಯರು ತೀರಾ ಕಡಿಮೆ. ಅವರಲ್ಲೊಬ್ಬರಾದ ಡಿಕ್ಸನ್ ಚಿಬಾಂಡಾ 2006ರಲ್ಲಿ ಹರಾರೆ ನಗರದಲ್ಲಿ ಊರಿನ ಅಜ್ಜಿಯರಿಗೆ ತರಬೇತಿ ಕೊಟ್ಟರು. ಆಸ್ಪತ್ರೆಯ ಹೊರಗೆ ಮರದ ಬೆಂಚು ಹಾಕಿಸಿದರು. ಫ್ರೆಂಡ್‌ಶಿಪ್ ಬೆಂಚ್ ಅಂತ ಅದರ ಹೆಸರು. ಕಷ್ಟದಲ್ಲಿರುವವರು ಬಂದು ಕೂರುತ್ತಾರೆ, ಅಜ್ಜಿ ಕೇಳುತ್ತಾರೆ. ಎಲ್ಲ ಕಷ್ಟಗಳನ್ನೂ ಹೇಳಿಸಿ, ಅದರಲ್ಲಿ ಈ ವಾರ ಕೈಹಾಕಬಹುದಾದ ಒಂದನ್ನು ಅವರಿಂದಲೇ ಆರಿಸಿಸುತ್ತಾರೆ. ಇದನ್ನು ಪರೀಕ್ಷೆ ಮಾಡಿ ನೋಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಆರು ತಿಂಗಳಾದ ಮೇಲೆ, ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಖಿನ್ನತೆಯ ಲಕ್ಷಣ ಉಳಿದಿತ್ತು. ಬೆಂಚಿನ ಮೇಲೆ ಕೂತವರಲ್ಲಿ ಅದು ನೂರಕ್ಕೆ 14ರಷ್ಟು ಮಾತ್ರ. ಬೆಂಚಿಗೆ ಬಂದು ಹೋದವರು ಆಮೇಲೆ ಗುಂಪಾಗಿ ಸೇರಿ, ಚೀಲ ಹೆಣೆಯುತ್ತಾ ಮಾತಾಡುತ್ತಾರೆ. ಕೈಗೆ ಕೆಲಸ, ಬಾಯಿಗೆ ಮಾತು. ನನಗೆ ಅಡಿಕೆ ಸುಲಿಯುವ ಚಪ್ಪರವೇ ಕಣ್ಣಿಗೆ ಬಂತು.

ಈಗ ದೊಡ್ಡ ತೀರ್ಮಾನಗಳ ವಿಷಯ. ತೋಟ ಇಟ್ಟುಕೊಳ್ಳುವುದಾ, ಮಾರುವುದಾ? ಅರೇಬಿಕಾ ಕಾಫಿ ಕಿತ್ತು ರೋಬಸ್ಟಾ ಹಾಕುವುದಾ? ಮಗನ ಮನೆಗೆ ಹೋಗಿಬಿಡುವುದಾ? ಗಂಡನ ಮನೆ ಬಿಟ್ಟು ಬರುವುದಾ? ಇಂಥದ್ದಕ್ಕೆ ನಾವು ಸಾಮಾನ್ಯವಾಗಿ ಕೇಳುವುದು ನೆಂಟರನ್ನು, ಜೋಯಿಸರನ್ನು, ವಕೀಲರನ್ನು. ಕೇಳಿ, ತಪ್ಪಿಲ್ಲ. ಆದರೆ ನೆಂಟರಿಗೆ ಅವರದೇ ಆಸೆ, ಭಯ ಇರುತ್ತೆ. ಅದೇ ತೀರ್ಮಾನ ತೆಗೆದುಕೊಂಡು ಬದುಕಿದವರನ್ನು ಕೇಳಿದರೆ ಬರುವ ಉತ್ತರವೇ ಬೇರೆ.

ಎನ್.ಆರ್.ಪುರದ ಕಡೆ ವಯಸ್ಸಾದ ದಂಪತಿ ಒಬ್ಬರಿದ್ದರು. ತೋಟ ಮಾರಿ ಬೆಂಗಳೂರಿಗೆ ಹೋಗೋಣ ಅಂತ ಅರ್ಧ ಮನಸ್ಸು. ತಿಂಗಳುಗಟ್ಟಲೆ ಗಂಡ ಹೆಂಡತಿಗೆ ಅದೇ ಜಗಳ. ಒಂದು ಮದುವೆ ಮನೆಯಲ್ಲಿ, ಹಾಗೆ ಹೋಗಿ ವಾಪಸ್ ಬಂದಿದ್ದ ಇನ್ನೊಂದು ದಂಪತಿ ಸಿಕ್ಕರು. ಆ ಹಿರಿಯರು ಹೋಗಿ ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ‘ಒಂದು ವರ್ಷ ತೋಟ ಚೇಣಿಗೆ ಕೊಡಿ, ಮಾರಬೇಡಿ. ಹೋಗಿ ಇದ್ದು ನೋಡಿ. ಬೆಳಗ್ಗೆ ಐದಕ್ಕೆ ಎಚ್ಚರ ಆದಾಗ ಆ ಫ್ಲಾಟಿನಲ್ಲಿ ಏನು ಮಾಡ್ತೀರಿ ಅಂತ ಇಲ್ಲಿಂದಲೇ ಯೋಚನೆ ಮಾಡಿಕೊಂಡು ಹೋಗಿ. ನಮಗೆ ಕಷ್ಟ ಆಗಿದ್ದು ಅದೊಂದೇ’ ಅಂದರು. ಐದು ಗಂಟೆಯ ಆ ಮಾತು ಯಾವ ವಕೀಲರಿಗೂ ಹೊಳೆಯುವುದಿಲ್ಲ.

ಅಂಥವರು ಸಿಕ್ಕಾಗ ‘ನಾನೇನು ಮಾಡಲಿ?’ ಅಂತ ಕೇಳಬೇಡಿ. ‘ಮೊದಲ ಆರು ತಿಂಗಳು ಹೇಗಿತ್ತು? ಏನು ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು?’ ಅಂತ ಕೇಳಿ. ಒಳ್ಳೆಯದಾದವರನ್ನು ಕೇಳಿದ ಹಾಗೇ, ಕೈಸುಟ್ಟುಕೊಂಡವರನ್ನೂ ಕೇಳಿ. ತೀರ್ಮಾನ ನಿಮ್ಮದೇ ಇರಲಿ. ಕೇಳಿಸಿಕೊಳ್ಳುವ ಜಾಗದಲ್ಲಿ ನೀವಿದ್ದರೂ ಇದನ್ನು ಮರೆಯಬೇಡಿ. ಅವರ ಬದುಕಿನ ತೀರ್ಮಾನ ನೀವು ಮಾಡಬೇಡಿ. ‘ಅಯ್ಯೋ, ಅದೇನು ಮಹಾ, ನಮ್ಮದು ಕೇಳಿ’ ಅಂತ ನಿಮ್ಮ ಕಥೆಯನ್ನು ದೊಡ್ಡದು ಮಾಡಬೇಡಿ.

ನಮ್ಮ ಕಡೆ ಇದಕ್ಕೆ ಇರುವ ದೊಡ್ಡ ಅಡ್ಡಿ ಅಂದರೆ ಮಾತು ಹರಡುವ ಭಯ. ಇಲ್ಲಿ ಹೇಳಿದ್ದು ಸಂಜೆಯೊಳಗೆ ಬಸ್‌ಸ್ಟ್ಯಾಂಡಿನಲ್ಲಿ ಇರುತ್ತೆ ಅನ್ನುವ ಭಯ. ಅದು ಸುಳ್ಳು ಭಯ ಅಂತ ನಾನು ಹೇಳುವುದಿಲ್ಲ. ಒಬ್ಬರ ಗುಟ್ಟು ಬಯಲಾದರೆ ಆ ಊರಿನಲ್ಲಿ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ. ಅದಕ್ಕೆ ಪಕ್ಕದ ಊರಿನವರನ್ನು ಹುಡುಕಿ. ಮೊದಲ ದಿನ ಸಣ್ಣದೊಂದು ಹೇಳಿ ನೋಡಿ. ಅದು ಅಲ್ಲೇ ಉಳಿಯಿತು ಅಂದರೆ ದೊಡ್ಡದನ್ನು ಹೇಳಿ.

ಗಂಡಸರ ಬಗ್ಗೆ ನನಗೆ ಹೆಚ್ಚು ಚಿಂತೆ. ಹೆಂಗಸರಿಗೆ ಸ್ತ್ರೀಶಕ್ತಿ ಸಂಘಗಳಾದರೂ ಇವೆ, 2000-01ರಿಂದ ನಮ್ಮ ರಾಜ್ಯದಲ್ಲಿ ನಡೆಯುತ್ತಿವೆ. ಉಳಿತಾಯದ ನೆಪದಲ್ಲಿ ಕೂರುತ್ತಾರೆ. ಗಂಡಸರು ಸೊಸೈಟಿಯಲ್ಲಿ ಸೇರಿದರೆ ಕಾಳುಮೆಣಸಿನ ರೇಟು, ಆನೆ ಬಂದ ಸುದ್ದಿ, ರಾಜಕೀಯ. ಮೂವತ್ತೈದು ದಾಟಿದ, ಮದುವೆಯಾಗದ, ತೋಟದಲ್ಲೇ ಉಳಿದ ಹುಡುಗರು ಒಂದೊಂದು ಊರಿನಲ್ಲೂ ಇದ್ದಾರೆ. ಕ್ರಿಕೆಟ್ ಆಡಲು ಒಟ್ಟಿಗೆ ಸೇರುತ್ತಾರೆ. ಎಲ್ಲರ ಎದೆಯಲ್ಲೂ ಒಂದೇ ನೋವು. ಆದರೆ ಆ ಮಾತು ಬಂದಾಗ ತಮಾಷೆ ಮಾಡಿ ಮುಗಿಸುತ್ತಾರೆ. ತಮ್ಮಂದಿರಾ, ನಿಮ್ಮಲ್ಲಿ ಒಬ್ಬ ಗಟ್ಟಿ ಮನಸ್ಸು ಮಾಡಿ ‘ನನಗೆ ಬೇಜಾರಾಗುತ್ತೆ ಕಣ್ರೋ’ ಅಂತ ಬಾಯಿಬಿಟ್ಟು ಹೇಳಿ. ಅದೇ ಮಾತಿಗೆ ಕಾಯುತ್ತಿರುವವರು ಪಕ್ಕದಲ್ಲೇ ಇದ್ದಾರೆ.

ಜೊತೆಯವರ ಮಾತು ಎಲ್ಲದಕ್ಕೂ ಸಾಲದು. ಎರಡು ವಾರಕ್ಕಿಂತ ಹೆಚ್ಚು ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಹಟ್ಟಿಯ ಕೆಲಸಕ್ಕೂ ಏಳಲು ಆಗುತ್ತಿಲ್ಲ ಅಂದರೆ ಡಾಕ್ಟರಿಗೆ ತೋರಿಸಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಇದೆ. ಯಾರಾದರೂ ‘ಬದುಕು ಸಾಕು’ ಅಂದರೆ, ಸುತ್ತಿ ಬಳಸದೆ ನೇರವಾಗಿ ಕೇಳಿ: ‘ಸಾಯಬೇಕು ಅನ್ನಿಸುತ್ತಾ?’ ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೇಳಿದರೆ ಅವರಿಗೆ ಎದೆ ಹಗುರಾದ ಹಾಗಾಗುತ್ತೆ. ಅವರನ್ನು ಒಬ್ಬರನ್ನೇ ಬಿಡಬೇಡಿ. ತೋಟಕ್ಕೆ ಹೊಡೆಯುವ ಔಷಧಿ ಆ ಮನೆಯಲ್ಲಿದ್ದರೆ ತಂದು ನಿಮ್ಮ ಮನೆಯಲ್ಲಿ ಬೀಗ ಹಾಕಿ ಇಡಿ. ಆಮೇಲೆ ಅವರ ಜೊತೆಗೇ ಕೂತು, ಮನಸ್ಸಿನ ಕಷ್ಟಕ್ಕೆಂದೇ ಇರುವ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ. ನಂಬರು 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ್ದು ಇದು. ದಿನದ 24 ಗಂಟೆಯೂ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಿಗ್ನಲ್ ಸಿಗುವ ಗುಡ್ಡದ ತುದಿ ಎಲ್ಲಿದೆ ಅಂತ ನಿಮಗೇ ಗೊತ್ತು. ಮಳೆಯಿದ್ದರೆ ಕೊಡೆ ಹಿಡಿದು ಜೊತೆಗೆ ಹೋಗಿ.

ಸಂಘದ ಅಕ್ಕತಂಗಿಯರಿಗೆ ಒಂದು ಕೋರಿಕೆ. ಮುಂದಿನ ಸಭೆಯಲ್ಲಿ ಲೆಕ್ಕದ ಪುಸ್ತಕ ಮುಚ್ಚಿದ ಕೂಡಲೇ ಎದ್ದು ಹೋಗಬೇಡಿ. ಕಾಲು ಗಂಟೆ ಕೂತುಕೊಳ್ಳಿ. ಅವತ್ತು ಬರದವರು ಯಾರು, ಯಾಕೆ ಬರಲಿಲ್ಲ ಅಂತ ಕೇಳಿಕೊಳ್ಳಿ. ಮನೆಗೆ ಹೋಗುವ ದಾರಿ ಯಾರಿಗೆ ಆ ಕಡೆಯೋ ಅವರು ಹೋಗಿ ನೋಡಿಕೊಂಡು ಬನ್ನಿ.

ಟೆಲಿ ಮಾನಸ್ ನಂಬರು ಇನ್ನೊಮ್ಮೆ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ: 1, 4, 4, 1, 6. ನಮಸ್ಕಾರ.