ತಾರಸಿ ಮೇಲೊಂದು ಕಿವಿ

(ತುಮಕೂರಿನಲ್ಲಿ ಒಂದು ಭಾನುವಾರ ಬೆಳಗ್ಗೆ ಹೊಸದಾಗಿ ಹ್ಯಾಮ್ ರೇಡಿಯೋ, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ನಡೆಸುವ ರೇಡಿಯೋ, ಕಲಿಯುತ್ತಿರುವವರ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ತಟ್ಟೆ ಇಡ್ಲಿ ತಿಂದು ಬಂದಿದ್ದೀರಿ, ಕಣ್ಣು ಎಳೆಯುವ ಹೊತ್ತು. ಅದಕ್ಕೇ ಮಾತಿಗೆ ಮುಂಚೆ ಒಂದು ಸದ್ದು ಕೇಳಿಸಿಬಿಡುತ್ತೇನೆ. ಈ ಹ್ಯಾಂಡಿಯ, ಅಂದರೆ ಕೈಯಲ್ಲಿ ಹಿಡಿಯುವ ರೇಡಿಯೋ ಸೆಟ್ಟಿನ, ಬಟನ್ ಒತ್ತಿದೆ. ಈಗ ಬಿಟ್ಟೆ. ಬಿಟ್ಟ ಮೇಲೂ ಅರೆಗಳಿಗೆ ಸುಮ್ಮನಿದ್ದು ಕೊನೆಗೆ ‘ಖುಸ್’ ಅಂದಿತಲ್ಲ, ಕೇಳಿತಾ? ಅದು ಇಲ್ಲಿಂದ ಆರು ಕಿಲೋಮೀಟರ್ ಆಚೆ, ನಮ್ಮ ಮನೆ ತಾರಸಿಯ ಮೆಟ್ಟಿಲ ರೂಮಿನಲ್ಲಿ ಕೂತಿರುವ ಡಬ್ಬ ಕೊಟ್ಟ ಉತ್ತರ. ನನ್ನ ಸಿಗ್ನಲ್ ಅಲ್ಲಿಗೆ ಹೋಯಿತು, ಬೇರೆ ಫ್ರೀಕ್ವೆನ್ಸಿಯಲ್ಲಿ ತಿರುಗಿ ಬಂತು. ರಿಪೀಟರ್ ಅಂದರೆ ಇಷ್ಟೇ. ಊರಲ್ಲಿ ಡಂಗುರ ಸಾರುವವನ ಕೆಲಸ, ಆದರೆ ಕೇಳಿಸಿಕೊಳ್ಳುವುದೂ ಕೂಗುವುದೂ ಒಟ್ಟೊಟ್ಟಿಗೆ ಆಗಬೇಕು. ತೊಂದರೆ ಶುರುವಾಗುವುದೇ ಅಲ್ಲಿ.

ಇದನ್ನು ತೋರಿಸಿದ ತಕ್ಷಣ ಎಲ್ಲರೂ ಕೇಳುವುದು ಒಂದೇ: ‘ಎಷ್ಟು ವ್ಯಾಟ್ ಸಾರ್?’ ಅದು ಎಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತದೆ ಅಂತ ಇವತ್ತಿನವರೆಗೆ ಯಾರೂ ಕೇಳಿಲ್ಲ. ನಾನೂ ಕೇಳಿರಲಿಲ್ಲ ಬಿಡಿ. 50 ವ್ಯಾಟ್ ರಿಗ್, ಅಂದರೆ ಮೇಜಿನ ಮೇಲಿಡುವ ದೊಡ್ಡ ಸೆಟ್, ತಂದು ಇಟ್ಟರೆ ನಿಮ್ಮ ದನಿ ಇಡೀ ತುಮಕೂರಿಗೆ ಕೇಳುತ್ತದೆ ನಿಜ, ಆದರೆ ಕ್ಯಾತ್ಸಂದ್ರದಲ್ಲಿ ನಿಂತವನ ಕೈಯಲ್ಲಿರುವುದು 5 ವ್ಯಾಟ್ ಹ್ಯಾಂಡಿ, ಅವನ ಉತ್ತರ ನಿಮ್ಮ ಡಬ್ಬಕ್ಕೆ ಕೇಳಬೇಕಲ್ಲ? ಇಂಥ ರಿಪೀಟರನ್ನು ಹ್ಯಾಮ್‌ಗಳು ಮೊಸಳೆ ಅಂತ ಆಡಿಕೊಳ್ಳುತ್ತಾರೆ. ಬಾಯಿ ಗಾವುದ ಉದ್ದ, ಕಿವಿ ಹುಡುಕಿದರೂ ಸಿಗಲ್ಲ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಹ್ಯಾಮ್ ಲೈಸೆನ್ಸ್ ಕೊಡುವುದು ಕೇಂದ್ರದ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. 12 ವರ್ಷ ತುಂಬಿದ್ದರೆ ಪರೀಕ್ಷೆ ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್, ಅಂದರೆ ಚುಕ್ಕಿ ಗೆರೆಗಳ ಸಂಕೇತಭಾಷೆ, ಬೇಡ, ಜನರಲ್‌ಗೆ ಬೇಕು. ಆದರೆ ನಿಮ್ಮ ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ರಿಪೀಟರ್ ಹಾಕುವ ಹಾಗಿಲ್ಲ, ಅದಕ್ಕೆ ಬೇರೆ ಅನುಮತಿ ಬೇಕು, ಅದು ಕೈಗೆ ಬರುವವರೆಗೆ ಎಲ್ಲ ಪ್ರಯೋಗವನ್ನೂ ಆಂಟೆನಾ ಬದಲು ಡಮ್ಮಿ ಲೋಡ್, ಅಂದರೆ ಪವರನ್ನು ಬಿಸಿಯಾಗಿ ಕರಗಿಸುವ ಡಬ್ಬಿ, ಹಾಕಿ ಟೇಬಲ್ ಮೇಲೇ ಮಾಡಿ. ಇನ್ನು ಆನ್‌ಲೈನಲ್ಲಿ ‘ಲೈಸೆನ್ಸ್ ಬೇಡ’ ಅಂತ ಮಾರುವ ವಾಕಿಟಾಕಿ ಬಗ್ಗೆ. ನಮ್ಮಲ್ಲಿ ಆ ರಿಯಾಯಿತಿ ಇರುವುದು 446.0ರಿಂದ 446.2 ಮೆಗಾಹರ್ಟ್ಸ್ ನಡುವಿನ ಕಡಿಮೆ ಪವರ್ ಸೆಟ್‌ಗಳಿಗೆ. ಎಲ್ಲ ಬ್ಯಾಂಡೂ ತೆರೆದಿರುವ ಸೆಟ್ ಸಸ್ತಾ ಸಿಕ್ಕಿತು ಅಂತ ಕೊಂಡು ಸುಮ್ನೆ ಬಟನ್ ಒತ್ತಬೇಡಿ, ಆ ಕಡೆ ಪೊಲೀಸರೋ ಆಂಬುಲೆನ್ಸೋ ಇರಬಹುದು.

ಈಗ ಎತ್ತರ. ಒಂದು ಸುಲಭದ ಲೆಕ್ಕ ಬರೆದುಕೊಳ್ಳಿ. ಆಂಟೆನಾ ನೆಲದಿಂದ ಎಷ್ಟು ಮೀಟರ್ ಎತ್ತರ ಇದೆಯೋ ಅದರ ವರ್ಗಮೂಲ ತೆಗೆದು 4.12ರಿಂದ ಗುಣಿಸಿದರೆ ಅದರ ಸಿಗ್ನಲ್ ಅಡ್ಡಿಯಿಲ್ಲದೆ ನೇರವಾಗಿ ಎಷ್ಟು ಕಿಲೋಮೀಟರ್ ಮುಟ್ಟೀತು ಅಂತ ಸಿಗುತ್ತದೆ. ಎರಡಂತಸ್ತಿನ ಮನೆ, ಮೇಲೆ 20 ಅಡಿ ಜಿಐ ಪೈಪು, ಒಟ್ಟು 16 ಮೀಟರ್ ಅಂತಿಟ್ಟುಕೊಳ್ಳಿ, ಸುಮಾರು 16 ಕಿಲೋಮೀಟರ್. ರಸ್ತೆಯಲ್ಲಿ ಹ್ಯಾಂಡಿ ಹಿಡಿದು ನಿಂತವನದು 5 ಕಿಲೋಮೀಟರ್. ಎರಡನ್ನೂ ಕೂಡಿಸಿದರೆ 21. ಇದು ಬಯಲಿನ ಲೆಕ್ಕ. ನಡುವೆ ಮನೆ, ತೆಂಗು, ಕಲ್ಯಾಣ ಮಂಟಪ ಎಲ್ಲ ಬಂದು ಅರ್ಧಕ್ಕೆ ಇಳಿಯುತ್ತದೆ. ಅದೇ ನಂದಿಬೆಟ್ಟ ತಗೊಳ್ಳಿ, ಸಮುದ್ರಮಟ್ಟದಿಂದ 1478 ಮೀಟರ್, ಸುತ್ತಲಿನ ನೆಲದಿಂದಲೇ ಸುಮಾರು 580. ಅದರ ತುದಿಯಲ್ಲಿ ನಿಂತರೆ ಇದೇ ಲೆಕ್ಕದಲ್ಲಿ 100 ಕಿಲೋಮೀಟರ್ ಹತ್ತಿರ ಬರುತ್ತದೆ. ಅಲ್ಲಿ ನಿಂತು 5 ವ್ಯಾಟ್‌ನಲ್ಲಿ ಮಾತಾಡಿದವನ ಮುಂದೆ ತಗ್ಗಿನಲ್ಲಿ ಕೂತ 50 ವ್ಯಾಟ್ ಏನೂ ಅಲ್ಲ. ಬಯಲಲ್ಲಿ ಆಂಟೆನಾ ಎತ್ತರವನ್ನು ಎರಡರಷ್ಟು ಮಾಡಿದರೆ ಪವರನ್ನು ನಾಲ್ಕರಷ್ಟು ಮಾಡಿದ ಹಾಗೆ. ಜೊತೆಗೆ ಎತ್ತರ ಹೆಚ್ಚಾದರೆ ಕಿವಿಯೂ ಚುರುಕಾಗುತ್ತದೆ, ವ್ಯಾಟ್ ಹೆಚ್ಚಾದರೆ ಬಾಯಿ ಮಾತ್ರ.

ನಾನು ರಿಪೀಟರ್ ಹುಚ್ಚು ಹಚ್ಚಿಕೊಂಡದ್ದು ನಮ್ಮ ಮಾವನವರ ತೋಟಕ್ಕೋಸ್ಕರ. ದೇವರಾಯನದುರ್ಗದ ಬೆಟ್ಟದ ಆಚೆ ಬದಿ, ಕರೆಂಟ್ ಹೋದರೆ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ. ಮನೆ ಮೇಲೆ ಒಂದು ರಿಪೀಟರ್ ಹಾಕಿಬಿಟ್ಟರೆ ಆಯಿತು ಅಂದುಕೊಂಡೆ. ಆಗಲಿಲ್ಲ. ಬೆಟ್ಟ ಬೆಟ್ಟವೇ. ತಗ್ಗಿನಲ್ಲಿರುವ ಮನೆಯ ರಿಪೀಟರ್ ನಿಮ್ಮನ್ನು ಊರಿನ ಈ ತುದಿಯಿಂದ ಆ ತುದಿಗೆ ಮುಟ್ಟಿಸುತ್ತದೆ, ಬೆಟ್ಟದ ನೆರಳಿಗೆ ಮುಟ್ಟಿಸುವುದಿಲ್ಲ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಆರು ತಿಂಗಳು ಉಳಿಯುತ್ತಿತ್ತು, ಅದಕ್ಕೆ ನಿಮಗೆ ಹೇಳುತ್ತಿದ್ದೇನೆ.

ಆ ಆರು ತಿಂಗಳಲ್ಲಿ ಆದದ್ದು ಇನ್ನೂ ಚೆನ್ನಾಗಿದೆ. ಅನುಮತಿ ಬಂತು. ಎರಡು ಹಳೇ ರಿಗ್ ತಂದೆ, ಒಂದು ಕೇಳಲಿಕ್ಕೆ, ಒಂದು ಹೇಳಲಿಕ್ಕೆ. ನಮ್ಮ ಎರಡು ಮೀಟರ್ ಬ್ಯಾಂಡ್, ಅಂದರೆ ಅಲೆಯ ಉದ್ದ ಸುಮಾರು ಎರಡು ಮೀಟರ್ ಇರುವ ಫ್ರೀಕ್ವೆನ್ಸಿಗಳ ಪಟ್ಟಿ, 144ರಿಂದ 146 ಮೆಗಾಹರ್ಟ್ಸ್, ಅದರಲ್ಲಿ ರಿಪೀಟರ್‌ಗಳ ಒಳಬರುವ, ಹೊರಹೋಗುವ ಫ್ರೀಕ್ವೆನ್ಸಿ ನಡುವೆ 600 ಕಿಲೋಹರ್ಟ್ಸ್ ಅಂತರ. ತಾರಸಿಯಲ್ಲಿ ಐದು ಮೀಟರ್ ದೂರಕ್ಕೆ ಎರಡು ಆಂಟೆನಾ ನಿಲ್ಲಿಸಿದೆ. ಕ್ಯಾತ್ಸಂದ್ರದಿಂದ ಗೆಳೆಯ ಕರೆದ. ನನಗೆ ಕೇಳಿದ್ದು ‘ನಾ... ಮಾ... ತ್ತಾ... ಕೇ...’ ಅಷ್ಟೇ. ಮಾತನ್ನು ಈಳಿಗೆಮಣೆಯಲ್ಲಿ ಹೆಚ್ಚಿದ ಹಾಗೆ. ರಿಗ್ ಕೆಟ್ಟಿದೆ ಅಂತ ರಿಪೇರಿಗೆ ಕೊಟ್ಟೆ, ಅಲ್ಲಿ ದುಡ್ಡು ತಗೊಂಡು ಏನೋ ಬದಲಾಯಿಸಿ ಕೊಟ್ಟರು, ಹೆಚ್ಚುವುದು ನಿಲ್ಲಲಿಲ್ಲ.

ಆಗುತ್ತಿದ್ದದ್ದು ಇದು. ಗೆಳೆಯನ ಸಣ್ಣ ಸಿಗ್ನಲ್ ಬಂದು ರಿಸೀವರ್ ತೆರೆಯುತ್ತದೆ. ತಕ್ಷಣ ಪಕ್ಕದ ಟ್ರಾನ್ಸ್‌ಮಿಟರ್ ಶುರು. ಅದರ ಅಬ್ಬರಕ್ಕೆ ರಿಸೀವರ್ ಕಿವುಡಾಗುತ್ತದೆ. ಏನೂ ಕೇಳದ್ದರಿಂದ ಟ್ರಾನ್ಸ್‌ಮಿಟರ್ ನಿಲ್ಲುತ್ತದೆ. ನಿಂತ ಕೂಡಲೇ ಕಿವಿ ತೆರೆಯುತ್ತದೆ, ಮತ್ತೆ ಗೆಳೆಯ ಕೇಳುತ್ತಾನೆ, ಮತ್ತೆ ಟ್ರಾನ್ಸ್‌ಮಿಟರ್. ಒಂದು ಸೆಕೆಂಡಿಗೆ ಹಲವು ಸಲ. ಒಳ್ಳೆಯ ರಿಸೀವರ್ 0.2 ಮೈಕ್ರೋವೋಲ್ಟ್ ಸಿಗ್ನಲ್ಲನ್ನೂ ಹಿಡಿಯುತ್ತದೆ. ಪಕ್ಕದಲ್ಲಿ ಕೂಗುತ್ತಿರುವುದು 10 ವ್ಯಾಟ್ ಅಂತಿಟ್ಟುಕೊಂಡರೆ, ಇದರ ಪವರ್ ಅದಕ್ಕಿಂತ ಒಂದರ ಮುಂದೆ 16 ಸೊನ್ನೆ ಹಾಕಿದಷ್ಟು ಪಟ್ಟು. ಜಾತ್ರೆಯಲ್ಲಿ ಸ್ಪೀಕರ್ ಡಬ್ಬಕ್ಕೆ ಒರಗಿಕೊಂಡು ಮುಂದಿನ ಬೀದಿಯ ಪಿಸುಮಾತು ಕೇಳುತ್ತೇನೆ ಅಂದ ಹಾಗೆ.

ಇದಕ್ಕೆ ಸರಿಯಾದ ಮದ್ದು ಕ್ಯಾವಿಟಿ ಡುಪ್ಲೆಕ್ಸರ್, ಅಂದರೆ ಕೇಳುವ ಫ್ರೀಕ್ವೆನ್ಸಿ ಕೂಗುವ ಫ್ರೀಕ್ವೆನ್ಸಿ ಬೇರೆ ಮಾಡುವ ಜರಡಿ. ಹಾಲಿನ ಕ್ಯಾನಿನ ಎತ್ತರದ ಲೋಹದ ಕೊಳವೆಗಳು, ಒಂದೊಂದೂ ಅರ್ಧ ಮೀಟರ್‌ಗಿಂತ ತುಸು ಜಾಸ್ತಿ, ಅಂಥವು ನಾಲ್ಕೋ ಆರೋ ಸಾಲಾಗಿ. ಅರ್ಧ ಮೀಟರ್ ಯಾಕೆ ಅಂದರೆ 145 ಮೆಗಾಹರ್ಟ್ಸ್ ಅಲೆಯ ಕಾಲು ಭಾಗ ಅಷ್ಟೇ ಉದ್ದ. ಬೇಕಾದ ಫ್ರೀಕ್ವೆನ್ಸಿ ಬಿಟ್ಟು ಬೇಡದ್ದನ್ನು ತಡೆಯಬೇಕು, ಎರಡರ ನಡುವೆ ಇರುವುದು ನೂರಕ್ಕೆ ಅರ್ಧದಷ್ಟೂ ಇಲ್ಲದ ಅಂತರ, ಅದಕ್ಕೇ ಅಷ್ಟು ದೊಡ್ಡದು. ರಿಗ್‌ಗಿಂತ ದುಬಾರಿ, ಟ್ಯೂನ್ ಮಾಡಲು ಉಪಕರಣ ಬೇಕು, ತಗಡಿನ ಶೆಡ್ಡಿನ ಬಿಸಿಲಿಗೆ ಅಳತೆ ಜರುಗುತ್ತದೆ. ಆಂಟೆನಾಗಳನ್ನು ಅಕ್ಕಪಕ್ಕ ಬಿಟ್ಟು ಒಂದೇ ಕಂಬದಲ್ಲಿ ಮೇಲೆ ಕೆಳಗೆ ಹಾಕಿದರೆ ಎಷ್ಟೋ ವಾಸಿ, ಆದರೂ ಮನೆ ಕಂಬದ ಎತ್ತರದಲ್ಲಿ ಅದೊಂದೇ ಸಾಲದು.

ಮನೆಗೆ ನಾನು ಹೇಳುವುದು ಕ್ರಾಸ್‌ಬ್ಯಾಂಡ್. 145ರಲ್ಲಿ ಕೇಳಿಸಿಕೊಂಡು 434ರಿಂದ 438ರ ಬ್ಯಾಂಡಿನಲ್ಲಿ ಹೇಳುವುದು. ಅಂತರ ದೊಡ್ಡದಾದ್ದರಿಂದ ಎರಡು ಬ್ಯಾಂಡ್ ಬೇರೆ ಮಾಡಲು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಡಿಪ್ಲೆಕ್ಸರ್ ಸಾಕು, ಒಂದೇ ಡ್ಯುಯಲ್ ಬ್ಯಾಂಡ್ ಆಂಟೆನಾ ಸಾಕು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಿಪೀಟರ್ ಕೂಡ ಹೀಗೇ, 145.990ರಲ್ಲಿ ಕೇಳಿ 437.800ರಲ್ಲಿ ಹೇಳುತ್ತದೆ. ಅದಕ್ಕೆ 400 ಕಿಲೋಮೀಟರ್ ಎತ್ತರದ ಕಂಬ ಇದೆ ಅನ್ನುವುದೊಂದೇ ವ್ಯತ್ಯಾಸ! ಎಚ್ಚರ ಒಂದೇ, 145ನ್ನು ಮೂರರಿಂದ ಗುಣಿಸಿದರೆ 435. ಕೆಳಗಿನ ಬ್ಯಾಂಡಿನ ಮೂರನೇ ಹಾರ್ಮೋನಿಕ್, ಅಂದರೆ ಸೆಟ್ ಬೇಡದಿದ್ದರೂ ಜೊತೆಗೆ ಹೊರಡಿಸುವ ಮೂರು ಪಟ್ಟು ಫ್ರೀಕ್ವೆನ್ಸಿ, ನೇರವಾಗಿ ಮೇಲಿನ ಬ್ಯಾಂಡಿಗೆ ಬಂದು ಬೀಳುತ್ತದೆ. ಎರಡು ಫ್ರೀಕ್ವೆನ್ಸಿ ಆರಿಸುವಾಗ ಪೆನ್ನು ಹಿಡಿದು ಗುಣಿಸಿ ನೋಡಿ. ಅದೂ ಬೇಡ ಅನ್ನುವವರಿಗೆ ಗಿಳಿ ರಿಪೀಟರ್ ಇದೆ. ಒಂದೇ ರಿಗ್, ಒಂದೇ ಫ್ರೀಕ್ವೆನ್ಸಿ, ಬಂದದ್ದನ್ನು ರೆಕಾರ್ಡ್ ಮಾಡಿ ಆಮೇಲೆ ಒಪ್ಪಿಸುತ್ತದೆ. ಪ್ರತಿ ಮಾತನ್ನೂ ಎರಡು ಸಲ ಕೇಳುವ ತಾಳ್ಮೆ ಇರಬೇಕು, ನನಗಿಲ್ಲ.

ಚಿಕ್ಕಬಳ್ಳಾಪುರದಿಂದ ಬಂದವರು ಕೈ ಎತ್ತಿ. ಗೌರಿಬಿದನೂರಿನ ಹತ್ತಿರ ಹೊಲದ ನಡುವೆ ಕಂಬ ತಂತಿಗಳ ಸಾಲು ನೋಡಿದ್ದೀರಾ? 1970ರ ದಶಕದಲ್ಲಿ ಅಲ್ಲಿ ಒಂದು ರೇಡಿಯೋ ದೂರದರ್ಶಕ ಹಾಕಿದರು, ಇಂಗ್ಲಿಷಿನ ‘ಟಿ’ ಆಕಾರದಲ್ಲಿ 1000 ಡೈಪೋಲ್ ಆಂಟೆನಾ, 34.5 ಮೆಗಾಹರ್ಟ್ಸ್. ಸಾವಿರ ಆಂಟೆನಾ ಇಟ್ಟುಕೊಂಡು ಒಂದು ಮಾತೂ ಆಡುತ್ತಿರಲಿಲ್ಲ, ಸುಮ್ಮನೆ ಆಕಾಶವನ್ನು ಕೇಳಲಿಕ್ಕೆ ಮಾಡಿದ್ದು. ಅಂಥದ್ದನ್ನು ಊರ ಗದ್ದಲದಿಂದ ದೂರ ಇಡುತ್ತಾರೆ. ನಾವು ಊರ ಮಧ್ಯೆ ಇಡುತ್ತೇವೆ, ಹಾಗಾಗಿ ಗದ್ದಲ ಎಲ್ಲಿಂದ ಬರುತ್ತದೆ ಅಂತ ಹುಡುಕಬೇಕು. ಬ್ಯಾಟರಿ ಸೆಟ್ಟಿನ ಸ್ಕ್ವೆಲ್ಚ್, ಅಂದರೆ ಸಿಗ್ನಲ್ ಇಲ್ಲದಾಗ ಕರಕರ ಸದ್ದು ಮುಚ್ಚುವ ಬಾಗಿಲು, ತೆರೆದು, ದೂರದ ಯಾವುದಾದರೂ ಸಣ್ಣ ಸಿಗ್ನಲ್ ಕೇಳುತ್ತಾ ಮನೆಯ ಮೇನ್ ಸ್ವಿಚ್ ಆರಿಸಿ. ಸಿಗ್ನಲ್ ತಟ್ಟನೆ ತಿಳಿಯಾಯಿತೋ, ಕಳ್ಳ ನಿಮ್ಮ ಮನೆಯಲ್ಲೇ ಇದ್ದಾನೆ. ನಮ್ಮನೆಯಲ್ಲಿ ಸಿಕ್ಕಿದ್ದು ಆಂಟೆನಾದ ಬುಡದಲ್ಲೇ, ಮೆಟ್ಟಿಲ ರೂಮಿನ ಎಲ್‌ಇಡಿ ಬಲ್ಬು. ರಿಪೀಟರ್ ನೋಡಲು ಹತ್ತಿದಾಗ ನಾನೇ ಹಾಕಿ ಆರಿಸದೆ ಬರುತ್ತಿದ್ದ ಬಲ್ಬು.

ಈಗ ಇದನ್ನು ನೋಡಿ. ಕೈಯಿಂದ ಕೈಗೆ ದಾಟಿಸಿ, ಬಗ್ಗಿಸಬೇಡಿ. ಗ್ರೌಂಡ್ ಪ್ಲೇನ್ ಆಂಟೆನಾ. ಎಸ್‌ಓ-239 ಕನೆಕ್ಟರ್ ಒಂದು, ನಾಲ್ಕು ಮೂಲೆಗೂ ತೂತು ಇರುತ್ತದೆ. ನಡುವಿನ ಪಿನ್ನಿಗೆ ದಪ್ಪ ತಾಮ್ರದ ತಂತಿ ಬೆಸುಗೆ ಹಾಕಿ, ನೇರ ಮೇಲಕ್ಕೆ, 49 ಸೆಂಟಿಮೀಟರ್. ಮೂಲೆಗಳಿಗೆ 52 ಸೆಂಟಿಮೀಟರಿನ ನಾಲ್ಕು ತಂತಿ, ನಟ್ಟು ಬೋಲ್ಟು ಹಾಕಿ ಕೆಳಕ್ಕೆ 45 ಡಿಗ್ರಿ ಬಗ್ಗಿಸಿ. ಬಗ್ಗಿಸುವುದು ಚಂದಕ್ಕಲ್ಲ, ಹಾಗೆ ಮಾಡಿದರೆ ಕೇಬಲ್ಲಿನ 50 ಓಮ್‌ಗೆ ಹೊಂದುತ್ತದೆ. ನಡುವಿನ ತಂತಿಯನ್ನು ಮೊದಲು 51 ಇಟ್ಟು, ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾ ಹೊಂದದೆ ಎಷ್ಟು ಪವರ್ ತಿರುಗಿ ಬರುತ್ತಿದೆ ಅಂತ ತೋರಿಸುವುದು) ನೋಡಿಕೊಂಡು ಸ್ವಲ್ಪ ಸ್ವಲ್ಪವೇ ಕತ್ತರಿಸಿ. ಮೂರು ಮಿಲಿಮೀಟರ್ ಚಿಲ್ಲರೆ ಕತ್ತರಿಸಿದರೆ ಸುಮಾರು ಒಂದು ಮೆಗಾಹರ್ಟ್ಸ್ ಮೇಲೆ ಹೋಗುತ್ತದೆ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗುವುದಿಲ್ಲ ಅನ್ನುವುದನ್ನು ನಾನು ಮೂರು ತಂತಿ ಕೊಟ್ಟು ಕಲಿತೆ.

ಕೇಬಲ್ಲಿನಲ್ಲಿ ಜಿಪುಣತನ ಮಾಡಬೇಡಿ. ತೆಳ್ಳನೆಯ ಆರ್‌ಜಿ-58 ಹದಿನೈದು ಮೀಟರ್ ಎಳೆದರೆ ಎರಡು ಮೀಟರ್ ಬ್ಯಾಂಡಿನಲ್ಲಿ ಅರ್ಧ ಪವರ್ ದಾರಿಯಲ್ಲೇ ಕರಗುತ್ತದೆ. ಬರುವ ಸಿಗ್ನಲ್ಲೂ ಅರ್ಧ ಅನ್ನುವುದು ಮರೆಯಬೇಡಿ. 435ರಲ್ಲಿ ಇನ್ನೂ ಜಾಸ್ತಿ. ದಪ್ಪನೆಯ ಆರ್‌ಜಿ-213 ಒಳ್ಳೆಯದು. ದುಡ್ಡಿಲ್ಲ ಅಂದರೆ ಕೇಬಲ್ ಟಿವಿಯ ಆರ್‌ಜಿ-6 ಹಾಕಿ. ಅದು 75 ಓಮ್, ಶಾಸ್ತ್ರ ತಪ್ಪುತ್ತದೆ, ಆದರೆ ಹೊಂದದೆ ಹೋಗುವುದು ನೂರಕ್ಕೆ ನಾಲ್ಕು ಭಾಗ ಮಾತ್ರ, ಕರಗುವುದು ಆರ್‌ಜಿ-58ಗಿಂತ ಎಷ್ಟೋ ಕಮ್ಮಿ.

ಕನೆಕ್ಟರ್ ಒಳಗೆ ನೀರು ಹೋಗದ ಹಾಗೆ ನೋಡಿಕೊಳ್ಳಿ. ಮೊದಲ ವರ್ಷ ನಾನು ಬರೀ ಇನ್ಸುಲೇಷನ್ ಟೇಪ್ ಸುತ್ತಿದ್ದೆ. ಬಿಸಿಲಿಗೆ ಅಂಟು ಬಿಟ್ಟಿತ್ತು, ಮುಂಗಾರು ಹಿಡಿದ ವಾರಕ್ಕೆ ರಿಪೀಟರ್ ಮಂಕಾಯಿತು. ಕೇಬಲ್ ಸೀಳಿದರೆ ಒಳಗಿನ ಜಾಲರಿ ಒಂದು ಮೊಳ ಉದ್ದಕ್ಕೂ ಹಸಿರುಗಟ್ಟಿದೆ. ಈಗ ಸ್ವಯಂ ಅಂಟುವ ರಬ್ಬರ್ ಟೇಪ್, ಅದರ ಮೇಲೆ ಮಾಮೂಲಿ ಟೇಪ್, ಕನೆಕ್ಟರಿನ ಕೆಳಗೆ ಕೇಬಲ್ಲಿಗೆ ಒಂದು ಸುತ್ತು ಜೋಲು, ನೀರು ಅಲ್ಲಿಂದಲೇ ತೊಟ್ಟಿಕ್ಕಿ ಹೋಗಲಿ ಅಂತ. ಕೋತಿಗಳಿಗೆ ಮಾತ್ರ ಮದ್ದು ಸಿಕ್ಕಿಲ್ಲ. ಜೋತಾಡಿ ಎರಡು ಸಲ ತಂತಿ ಬಗ್ಗಿಸಿವೆ.

ಕಂಬ ಎತ್ತುವಾಗ ಒಬ್ಬರೇ ಎತ್ತಬೇಡಿ. ಪೈಪು ಯಾವ ಕಡೆ ಬಿದ್ದರೂ ಕರೆಂಟ್ ತಂತಿಗೆ ತಾಗಬಾರದು, ಅಷ್ಟು ದೂರ ಇಲ್ಲದಿದ್ದರೆ ಆ ಜಾಗವೇ ಬೇಡ. ಸಿಡಿಲಿನ ವಿಷಯದಲ್ಲಿ ಕೋಲಾರದವರಿಗೆ ಕಷ್ಟ ಜಾಸ್ತಿ. ಭರಣಿ ಮಳೆಗೆ ಸಿಡಿಲು ಬರುವ ಹೊತ್ತಿಗೆ ನೆಲ ಒಣಗಿ ಬಿರುಕು ಬಿಟ್ಟಿರುತ್ತದೆ, ಕೆಳಗೆ ಬಂಡೆ. ಅರ್ಥ್ ಗುಂಡಿಗೆ ಇದ್ದಿಲು ಉಪ್ಪು ಹಾಕಿ ಮುಚ್ಚಿ ಮರೆತರೆ ಆಗದು, ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು. ಒಂದು ಗುಂಡಿ ಸಾಲದಿದ್ದರೆ ಎರಡು ಮೂರು ತೋಡಿ ತಾಮ್ರದ ಪಟ್ಟಿಯಲ್ಲಿ ಜೋಡಿಸಿ, ಮನೆಯ ಅರ್ಥ್‌ಗೂ ಕೂಡಿಸಿ. ಇಷ್ಟೆಲ್ಲ ಮಾಡಿದರೂ ಗುಡುಗು ಕೇಳುವುದಕ್ಕೆ ಮುಂಚೆಯೇ ನಾನು ಕೇಬಲ್ ಬಿಚ್ಚಿ ಆಚೆ ಇಡುತ್ತೇನೆ. ಗುಡುಗು ಕೇಳಿದ ಮೇಲೆ ತಾರಸಿ ಹತ್ತುವುದಿಲ್ಲ.

ಉಳಿದದ್ದು ಸಣ್ಣಪುಟ್ಟದ್ದು. ರಿಗ್‌ಗಳನ್ನು ಮಾಡಿರುವುದು ಆಗಾಗ ಮಾತಾಡಲಿಕ್ಕೆ, ರಿಪೀಟರಿನಲ್ಲಿ ಅದು ಬಿಡುವಿಲ್ಲದೆ ಕೂಗುತ್ತದೆ, ಹಾಗಾಗಿ ಕಡಿಮೆ ಪವರಿಗೆ ಇಳಿಸಿ ಫ್ಯಾನ್ ಹಾಕಿ. ಮೂರು ನಿಮಿಷಕ್ಕೆ ತಾನೇ ಬಾಯಿ ಮುಚ್ಚುವ ಟೈಮರ್ ಇರಲಿ, ಇಲ್ಲದಿದ್ದರೆ ಯಾರೋ ಬಟನ್ ಮೇಲೆ ಕೂತು ಬಸ್ಸಿನಲ್ಲಿ ಹೋದ ಕಥೆಯನ್ನು ಊರೆಲ್ಲ ಕೇಳಬೇಕಾಗುತ್ತದೆ. 67 ಅಥವಾ 88.5 ಹರ್ಟ್ಸ್ ಟೋನ್ ಹಾಕಿ, ಮಾತಿನ ಜೊತೆ ಆ ಸಣ್ಣ ದನಿ ಬಂದರೆ ಮಾತ್ರ ರಿಪೀಟರ್ ಏಳಲಿ, ಆಗ ಪಕ್ಕದ ಮನೆಯ ಮೋಟರ್ ಸ್ಟಾರ್ಟ್ ಆದಾಗಲೆಲ್ಲ ರಿಪೀಟರ್ ಏಳುವುದಿಲ್ಲ. ದೂರದಿಂದಲೇ ಅದನ್ನು ಆರಿಸುವ ದಾರಿ ನಿಮ್ಮ ಕೈಯಲ್ಲಿರಬೇಕು.

ಕೈಯಿಂದ ಕೈಗೆ ಹೋದ ಆ ಆಂಟೆನಾ ಈಗ ಯಾರ ಹತ್ತಿರ ಇದೆ? ಹಿಂದಿನ ಸಾಲಿನಲ್ಲಾ? ಸರಿ, ಅದರ ನಡುವಿನ ತಂತಿ ಇನ್ನೂ 51ಕ್ಕೇ ಇದೆ, ಬೇಕೂಂತಲೇ ಹಾಗೆ ತಂದಿದ್ದೇನೆ. ಮೀಟರ್ ಇಲ್ಲಿದೆ, ಕಟಿಂಗ್ ಪ್ಲೇಯರ್ ಇಲ್ಲಿದೆ. ಆ ಹಸಿರು ಶರ್ಟ್ ಹಾಕಿದ ತಮ್ಮ, ನೀನು ಬಾ. ಸ್ವಲ್ಪ ಸ್ವಲ್ಪವೇ, ಆಯ್ತಾ?