ಚೆಂಡೆಯ ಕೋಲು ಮೊದಲೋ, ಸದ್ದು ಮೊದಲೋ?

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಹೆಚ್ಚಿನವರು ಯಕ್ಷಗಾನವನ್ನು ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕುವವರು. ಹಾಗಾಗಿ ಉದಾಹರಣೆಗೆ ನಾನು ಬೇರೆಲ್ಲೂ ಹೋಗುವುದಿಲ್ಲ. ಭಾಷಣದ ವಿಡಿಯೋದಲ್ಲಿ ಸಿಂಕ್, ಅಂದರೆ ಚಿತ್ರಕ್ಕೂ ಸದ್ದಿಗೂ ಇರುವ ಹೊಂದಾಣಿಕೆ, ಸ್ವಲ್ಪ ತಪ್ಪಿದರೆ ನಡೆದುಹೋಗುತ್ತದೆ. ಯಕ್ಷಗಾನದ ಆಟದಲ್ಲಿ ನಡೆಯುವುದಿಲ್ಲ. ಚೆಂಡೆಯವರ ಕೋಲು ಇನ್ನೂ ಮೇಲಿರುವಾಗಲೇ ಪೆಟ್ಟು ಕೇಳಿಸಿದರೆ ಮಕ್ಕಳಿಗೂ ಗೊತ್ತಾಗುತ್ತದೆ, ಅಲ್ವಾ?

ಎಷ್ಟು ತಪ್ಪಿದರೆ ಕಣ್ಣಿಗೆ ಬೀಳುತ್ತದೆ ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಅಂದರೆ ಐಟಿಯು, 1998ರಲ್ಲಿ ಒಂದು ಲೆಕ್ಕ ಕೊಟ್ಟಿದೆ. ಸದ್ದು ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದೆ ಹೋದರೆ ನೋಡುವವರಿಗೆ ಗೊತ್ತಾಗಲು ಶುರುವಾಗುತ್ತದೆ. ಹಿಂದೆ ಬಿದ್ದರೆ 125 ಮಿಲಿಸೆಕೆಂಡ್ ತನಕ ಗೊತ್ತಾಗುವುದಿಲ್ಲ. ಈ ವ್ಯತ್ಯಾಸ ಯಾಕೆ? ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವುದನ್ನು ನೋಡಿ. ಬಟ್ಟೆ ಕಲ್ಲಿಗೆ ಬಡಿದ ಮೇಲೆ ಸದ್ದು ಬರುತ್ತದೆ. ತಡವಾದ ಸದ್ದಿಗೆ ನಮ್ಮ ಕಿವಿ ಒಗ್ಗಿಹೋಗಿದೆ. ಬಡಿಯುವ ಮೊದಲೇ ಬರುವ ಸದ್ದನ್ನು ಯಾರೂ ಎಲ್ಲೂ ಕೇಳಿಲ್ಲ. ಆದ್ದರಿಂದ ಅನುಮಾನ ಬಂದಾಗ ಸದ್ದನ್ನು ಒಂದು ಫ್ರೇಮ್, ಅಂದರೆ ವಿಡಿಯೋದ ಒಂದು ಬಿಡಿ ಚಿತ್ರದಷ್ಟು, ಹಿಂದೆಯೇ ಬಿಡಿ.

ಫೈಲಿಗೆ ಕೈ ಹಾಕುವ ಮುಂಚೆ ತಪ್ಪು ಫೈಲಿನದ್ದೇ ಹೌದಾ ಅಂತ ನೋಡಿಕೊಳ್ಳಿ. ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಸಿಂಕ್ ನೋಡಬೇಡಿ. ಅದು ಸುಮ್ನೆ ಕೂತಲ್ಲೇ ಸದ್ದನ್ನು ನೂರಿನ್ನೂರು ಮಿಲಿಸೆಕೆಂಡ್ ತಡ ಮಾಡಬಲ್ಲದು. ವೈರಿನ ಹೆಡ್‌ಫೋನ್ ಸಾಕು.

ಆಮೇಲೆ ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ. ವ್ಯತ್ಯಾಸ ಆರಂಭದಲ್ಲೂ ಕೊನೆಯಲ್ಲೂ ಅಷ್ಟೇ ಇದೆಯಾ, ಅಥವಾ ಬೆಳೆಯುತ್ತಾ ಹೋಗುತ್ತಿದೆಯಾ? ಇದನ್ನು ನೋಡದೆ ಶುರು ಮಾಡಿದವರು ರಾತ್ರಿಯೆಲ್ಲ ಎಳೆದಾಡುತ್ತಾರೆ. ಆರಂಭ ಸರಿ ಮಾಡಿದರೆ ಕೊನೆ ತಪ್ಪುತ್ತದೆ, ಕೊನೆ ಸರಿ ಮಾಡಿದರೆ ಆರಂಭ ತಪ್ಪುತ್ತದೆ.

ಅಷ್ಟೇ ಇದ್ದರೆ ಸುಲಭ. ವಿಂಡೋಸಿನಲ್ಲಿ ವಿಡಿಯೋ ಪ್ಲೇಯರ್ ಆದ ವಿಎಲ್‌ಸಿ ತೆರೆದು ಚೆಂಡೆ ಚೆನ್ನಾಗಿ ಕಾಣುವ ಜಾಗಕ್ಕೆ ಹೋಗಿ. ಕೆ ಕೀಲಿ ಒತ್ತಿದರೆ ಸದ್ದು 50 ಮಿಲಿಸೆಕೆಂಡ್ ಹಿಂದಕ್ಕೆ ಹೋಗುತ್ತದೆ, ಜೆ ಒತ್ತಿದರೆ ಅಷ್ಟೇ ಮುಂದಕ್ಕೆ ಬರುತ್ತದೆ. ಸರಿ ಅನಿಸಿದಾಗ ಪರದೆಯ ಮೇಲಿನ ಅಂಕಿ ಬರೆದಿಟ್ಟುಕೊಳ್ಳಿ. ಇದರಿಂದ ಫೈಲ್ ಬದಲಾಗಿಲ್ಲ, ನಿಮಗೆ ಅಳತೆ ಸಿಕ್ಕಿದೆ ಅಷ್ಟೇ. ಅದೇ ಅಂಕಿಯನ್ನು, ಚಿತ್ರ ಸದ್ದುಗಳ ಟ್ರ್ಯಾಕ್ ಜೋಡಿಸುವ ಸಾಫ್ಟ್‌ವೇರ್ ಆದ ಎಂಕೆವಿಟೂಲ್‌ನಿಕ್ಸಿನಲ್ಲಿ ಆಡಿಯೋ ಟ್ರ್ಯಾಕಿನ ಡಿಲೇ ಜಾಗದಲ್ಲಿ ಹಾಕಿದರೆ ಹೊಸ ಫೈಲ್ ಸಿಗುತ್ತದೆ. ವಿಡಿಯೋವನ್ನು ಮತ್ತೆ ರೆಂಡರ್ ಮಾಡುವ ಕೆಲಸ ಇಲ್ಲ, ಗುಣಮಟ್ಟವೂ ಹಾಳಾಗುವುದಿಲ್ಲ.

ಇನ್ನು ನಮ್ಮ ಕೆಲಸದ್ದೇ ಒಂದು ತೊಡಕು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ರಂಗಸ್ಥಳದ ಮಿಕ್ಸರಿನಿಂದ ಒಂದು ವೈರ್ ಎಳೆದು ರೆಕಾರ್ಡರಿಗೆ ಸದ್ದು ತೆಗೆದುಕೊಳ್ಳುತ್ತೀರಿ. ಕ್ಯಾಮೆರಾ ಇರುವುದು ಜನರೆಲ್ಲ ಕೂತ ಮೇಲೆ ಉಳಿದ ಜಾಗದಲ್ಲಿ, ಸುಮಾರು 30 ಮೀಟರ್ ಹಿಂದೆ ಅಂತಿಟ್ಟುಕೊಳ್ಳಿ. ಮನೆಗೆ ಬಂದು ಎಡಿಟಿಂಗ್ ಸಾಫ್ಟ್‌ವೇರಿಗೆ ಎರಡನ್ನೂ ಕೊಟ್ಟು, ಸದ್ದಿನ ಏರಿಳಿತದ ಗೆರೆ ಅಂದರೆ ವೇವ್‌ಫಾರ್ಮ್ ನೋಡಿ ಸಿಂಕ್ ಮಾಡು ಅನ್ನುತ್ತೀರಿ. ಅದು ಎರಡು ಸದ್ದನ್ನೂ ಕರಾರುವಾಕ್ಕಾಗಿ ಕೂರಿಸುತ್ತದೆ. ಆದರೂ ಚೆಂಡೆ ಹಿಂದೆ ಬಿದ್ದಂತೆ ಕಾಣುತ್ತದೆ. ಯಾಕೆಂದರೆ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 30 ಮೀಟರ್ ದಾಟಲು 87 ಮಿಲಿಸೆಕೆಂಡ್ ಬೇಕು. ಕ್ಯಾಮೆರಾದ ಮೈಕಿಗೆ ತಲುಪಿದ ಸದ್ದೇ ತಡವಾದದ್ದು. ಸಾಫ್ಟ್‌ವೇರ್ ಮಿಕ್ಸರಿನ ಶುದ್ಧ ಸದ್ದನ್ನು ಆ ತಡವಾದ ಸದ್ದಿಗೆ ಕಟ್ಟಿಹಾಕಿದೆ, ಚಿತ್ರದ ಕಡೆ ಅದು ನೋಡಿಯೇ ಇಲ್ಲ. 87 ಮಿಲಿಸೆಕೆಂಡ್ ಐಟಿಯು ಲೆಕ್ಕದೊಳಗೇ ಬರುತ್ತದೆ, ಅದು ನಿಜ. ಆದರೆ ಮೈಕಿನ ಹತ್ತಿರದ ಸದ್ದಿಗೆ ಝೂಮ್ ಮಾಡಿ ಹತ್ತಿರ ತಂದ ಚಿತ್ರ ಸೇರಿದಾಗ ಚೆಂಡೆಯ ಉರುಳಿಕೆಯಲ್ಲಿ, ಅಂದರೆ ಬಿರುಸಿನ ಪೆಟ್ಟುಗಳಲ್ಲಿ, ಅದು ನನ್ನ ಕಣ್ಣಿಗಂತೂ ಕುಕ್ಕುತ್ತದೆ. ಸೆಕೆಂಡಿಗೆ 25 ಫ್ರೇಮಿನ ವಿಡಿಯೋದಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ಆಟೋ ಸಿಂಕ್ ಮುಗಿದ ಮೇಲೆ ಸದ್ದನ್ನು ಎರಡು ಫ್ರೇಮ್ ಮುಂದಕ್ಕೆ ತನ್ನಿ. ಒಂದು ಪೆಟ್ಟು ಹುಡುಕಿ, ಕೋಲು ಚರ್ಮ ಮುಟ್ಟಿದ ಫ್ರೇಮಿನಲ್ಲಿ ನಿಲ್ಲಿಸಿ, ವೇವ್‌ಫಾರ್ಮಿನ ಚೂಪು ಅಲ್ಲೇ ಇದೆಯಾ ನೋಡಿ.

ಬೆಳೆಯುವ ವ್ಯತ್ಯಾಸಕ್ಕೆ ಬೇರೆ ಕಾರಣಗಳಿವೆ. ಮೊಬೈಲಿನಲ್ಲಿ ತೆಗೆದದ್ದಾದರೆ ಮೊದಲ ಅನುಮಾನ ಫ್ರೇಮ್ ರೇಟಿನ, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವುದರ ಮೇಲೆ. ಬೆಳಕು ಕಡಿಮೆಯಾದಾಗ ಎಷ್ಟೋ ಫೋನುಗಳು ತಾವಾಗಿಯೇ ಫ್ರೇಮ್ ಕಡಿಮೆ ಮಾಡುತ್ತವೆ. ರಾತ್ರಿಯ ಆಟದಲ್ಲಿ ಇದು ಮಾಮೂಲು. ಎಡಿಟಿಂಗ್ ಸಾಫ್ಟ್‌ವೇರ್ ಎಲ್ಲ ಫ್ರೇಮೂ ಸಮ ಅಂತ ತಿಳಿದುಕೊಂಡರೆ ಸದ್ದು ಎಲ್ಲೆಲ್ಲೋ ಜಾರುತ್ತದೆ. ಅಂಥ ಫೈಲನ್ನು ಮೊದಲು ವಿಡಿಯೋ ಪರಿವರ್ತಿಸುವ ಸಾಫ್ಟ್‌ವೇರ್ ಆದ ಹ್ಯಾಂಡ್‌ಬ್ರೇಕಿಗೆ ಹಾಕಿ, ಕಾನ್ಸ್‌ಟಂಟ್ ಫ್ರೇಮ್‌ರೇಟ್ ಆರಿಸಿ ಹೊಸ ಫೈಲ್ ಮಾಡಿಕೊಳ್ಳಿ, ಆಮೇಲೆ ಎಡಿಟ್ ಮಾಡಿ. ಐಫೋನಿನವರು ಸೆಟ್ಟಿಂಗ್ಸಿನಲ್ಲಿ ಆಟೋ ಎಫ್‌ಪಿಎಸ್ ಆಫ್ ಮಾಡಿಟ್ಟರೆ ಅರ್ಧ ತಲೆನೋವು ಹೋಯಿತು.

ಸೆಕೆಂಡಿಗೆ 29.97 ಫ್ರೇಮಿನ ವಿಡಿಯೋವನ್ನು 30 ಅಂತ ತಿಳಿದು ಓಡಿಸಿದರೆ ಗಂಟೆಗೆ 3.6 ಸೆಕೆಂಡ್ ತಪ್ಪುತ್ತದೆ. 44.1 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 44,100 ಸಲ ಅಳೆದು ರೆಕಾರ್ಡ್ ಮಾಡಿದ ಆಡಿಯೋವನ್ನು 48 ಅಂತ ಓಡಿಸಿದರೆ ಗಂಟೆಯ ಪ್ರಸಂಗ 55 ನಿಮಿಷಕ್ಕೆ ಮುಗಿಯುತ್ತದೆ, ಭಾಗವತರ ಶ್ರುತಿಯೂ ಏರುತ್ತದೆ. ಅದನ್ನು ಕಣ್ಣಿಗಿಂತ ಮೊದಲು ಕಿವಿಯೇ ಹಿಡಿಯುತ್ತದೆ.

ಎಲ್ಲ ಸರಿಯಿದ್ದೂ ಬೆಳೆಯುವುದುಂಟು. ಕ್ಯಾಮೆರಾ, ರೆಕಾರ್ಡರ್ ಎರಡರೊಳಗೂ ಸಮಯ ಎಣಿಸುವ ಕ್ವಾರ್ಟ್ಜ್ ಹರಳು ಇರುತ್ತದೆ. ಎರಡೂ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಲಕ್ಷಕ್ಕೆ ಐದರಷ್ಟು ವ್ಯತ್ಯಾಸ ಇದ್ದರೂ ಗಂಟೆಗೆ 0.18 ಸೆಕೆಂಡ್ ಆಯಿತು, ಮೂರು ಗಂಟೆಯ ಆಟಕ್ಕೆ ಅರ್ಧ ಸೆಕೆಂಡಿಗಿಂತ ಜಾಸ್ತಿ. ಆಡಿಯೋ ಎಡಿಟ್ ಮಾಡುವ ಆಡಾಸಿಟಿಯಲ್ಲಿ ಇಡೀ ಆಡಿಯೋದ ವೇಗವನ್ನು ಅಷ್ಟು ಬದಲಿಸಿದರೆ ಶ್ರುತಿಯ ವ್ಯತ್ಯಾಸ ಯಾರ ಕಿವಿಗೂ ಸಿಗುವುದಿಲ್ಲ. ಲೆಕ್ಕ ಬೇಡ ಅನ್ನುವವರು ಅರ್ಥಗಾರಿಕೆಯ ನಡುವೆ ಮಾತು ನಿಂತ ಕಡೆ ಆಡಿಯೋ ತುಂಡು ಮಾಡಿ ಸ್ವಲ್ಪ ಸ್ವಲ್ಪ ಸರಿಸಬಹುದು. ಪದ್ಯದ ನಡುವೆ ಮಾತ್ರ ಕತ್ತರಿ ಹಾಕಬೇಡಿ, ತಾಳ ಕೆಡುತ್ತದೆ.

ಇಷ್ಟೆಲ್ಲ ಮಾಡಲು ಎರಡು ಗುರುತು ಬೇಕು. ಆಟ ಶುರುವಾಗುವ ಮುಂಚೆ ನಿಮ್ಮವರೊಬ್ಬರು ರಂಗಸ್ಥಳದ ಮೈಕಿನ ಎದುರು, ಕ್ಯಾಮೆರಾಕ್ಕೆ ಕಾಣುವಂತೆ ಒಂದು ಚಪ್ಪಾಳೆ ತಟ್ಟಲಿ. ಕ್ಯಾಮೆರಾದ ಪಕ್ಕ ನಿಂತು ತಟ್ಟಿದರೆ ಮಿಕ್ಸರಿಗೆ ಅದು ಸರಿಯಾಗಿ ತಲುಪುವುದಿಲ್ಲ. ಮಂಗಳ ಆದ ಮೇಲೆ ಇನ್ನೊಂದು. ಆ ಹೊತ್ತಿಗೆ ಎಲ್ಲರಿಗೂ ನಿದ್ದೆ, ಮೈಕಿನವರಿಗೆ ವೈರ್ ಸುತ್ತುವ ಅವಸರ. ಅವರ ಹತ್ತಿರ ಸಂಜೆಯೇ ಮಾತಾಡಿಟ್ಟುಕೊಳ್ಳಿ.